ದೂರದ ಒಪ್ಪಂದ, ಹತ್ತಿರದ ಹೆಂಗಸು

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ಪ್ರತಿ ವರ್ಷ ನವೆಂಬರ್ 25 ಹತ್ತಿರ ಬಂದಾಗ ಇಲಾಖೆಯಿಂದ ಸುತ್ತೋಲೆ ಬರುತ್ತದೆ. ಬ್ಯಾನರ್ ಕಟ್ಟುತ್ತೇವೆ, ಪ್ರತಿಜ್ಞೆ ಓದುತ್ತೇವೆ, ಜಾಥಾ ಮಾಡಿ ಫೋಟೊ ಕಳಿಸುತ್ತೇವೆ. ಮಹಿಳೆಯರ ಮೇಲಿನ ದೌರ್ಜನ್ಯ ನಿಲ್ಲಿಸಲು ವಿಶ್ವಸಂಸ್ಥೆ ಕರೆ ಕೊಟ್ಟ ದಿನ ಎನ್ನುತ್ತಾರೆ. ಈ ದಿನವನ್ನೇ ಯಾಕೆ ಆರಿಸಿದರು? ದೇಶದೇಶಗಳವರು ಕೂತು ಸಹಿ ಹಾಕಿದ ಒಪ್ಪಂದಗಳಿಂದ ನಮ್ಮೂರಲ್ಲಿ ಗಂಡನ ಕೈಯಲ್ಲಿ ಏಟು ತಿನ್ನುವ ಹೆಂಗಸಿಗೆ ನಿಜಕ್ಕೂ ಏನಾದರೂ ಸಿಕ್ಕಿದೆಯಾ?
– ಓದುಗರೊಬ್ಬರು, ಕೊಪ್ಪಳ ಜಿಲ್ಲೆ

ಉತ್ತರ: ಸಿಕ್ಕಿದೆ. ಸಾಕಷ್ಟು ಸಿಕ್ಕಿಲ್ಲ, ಎಲ್ಲರಿಗೂ ಸಿಕ್ಕಿಲ್ಲ, ಆದರೂ ಸಿಕ್ಕಿದೆ. ಅದರಲ್ಲಿ ಒಂದು ದೊಡ್ಡ ಪಾಲು ನಿಮ್ಮಂಥದೇ ಕೆಲಸದಲ್ಲಿದ್ದ ಹೆಣ್ಣುಮಗಳೊಬ್ಬಳು ಪಟ್ಟ ಪಾಡಿನಿಂದ ಬಂದದ್ದು. ಹಾಗಾಗಿ ನ್ಯೂಯಾರ್ಕ್, ಜಿನೀವಾಗಳ ಮಾತಿಗೆ ಮೊದಲು ರಾಜಸ್ಥಾನದ ಭಟೇರಿ ಎಂಬ ಹಳ್ಳಿಯ ಕಥೆ ಹೇಳುತ್ತೇನೆ.

ರಾಜಸ್ಥಾನ ಸರ್ಕಾರ 1984ರಲ್ಲಿ ಯುನಿಸೆಫ್ ನೆರವು ಪಡೆದು ಮಹಿಳಾ ಅಭಿವೃದ್ಧಿ ಕಾರ್ಯಕ್ರಮವೊಂದನ್ನು ಶುರುಮಾಡಿತು. ಊರೂರಿಗೆ ಒಬ್ಬೊಬ್ಬ 'ಸಾಥಿನ್'ಳನ್ನು ನೇಮಿಸಿ, ಸಣ್ಣ ಗೌರವಧನ ಕೊಟ್ಟು, ಹೆಂಗಸರಿಗೆ ಕೂಲಿ, ಪಡಿತರ, ಆರೋಗ್ಯದ ವಿಷಯ ತಿಳಿಸುವ ಕೆಲಸ ಒಪ್ಪಿಸಿತು. ಬಾಲ್ಯವಿವಾಹ ತಡೆಯುವುದೂ ಆ ಕೆಲಸದ ಭಾಗ. ಭಟೇರಿಯ ಸಾಥಿನ್ ಭಂವರಿ ದೇವಿ, ಕುಂಬಾರರ ಮನೆಯವರು. (ತಮ್ಮ ಹೆಸರಲ್ಲೇ ಎಲ್ಲೆಡೆ ಮಾತಾಡಿದವರು ಅವರು, ಹೆಸರು ಮುಚ್ಚಿಡಿ ಎಂದು ಕೇಳಿದವರಲ್ಲ.) 1992ರಲ್ಲಿ ಊರಿನ ಬಲಾಢ್ಯ ಮನೆಯೊಂದರಲ್ಲಿ ವರ್ಷವೂ ತುಂಬದ ಹೆಣ್ಣುಕೂಸಿಗೆ ಮದುವೆ ಗೊತ್ತಾಯಿತು. ಭಂವರಿ ಮೇಲಿನವರಿಗೆ ತಿಳಿಸಿದರು. ಪೊಲೀಸರು ಬಂದು ಹೋದರು, ಅವರು ಹೋದ ಮೇಲೆ ಮದುವೆ ನಡೆದೇ ಹೋಯಿತು. ಊರವರ ಸಿಟ್ಟು ಮಾತ್ರ ಭಂವರಿಯ ಮೇಲೆ ಉಳಿಯಿತು. ಅವರ ಮಡಕೆ ಕೊಳ್ಳುವವರಿಲ್ಲ, ಅವರಿಗೆ ಹಾಲು ಕೊಡುವವರಿಲ್ಲ. ಸೆಪ್ಟೆಂಬರ್ 22ರಂದು ಹೊಲದಲ್ಲಿ ಗಂಡನನ್ನು ಬಡಿದು ಕೆಡವಿ, ಅವರ ಮೇಲೆ ಸಾಮೂಹಿಕ ಅತ್ಯಾಚಾರ ಮಾಡಿದರು. ವೈದ್ಯಕೀಯ ಪರೀಕ್ಷೆಗೆ ಎರಡು ದಿನ ಅಲೆದಾಡಿಸಿದರು. 1995ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟುಬಿಟ್ಟಿತು. ಮೇಲ್ಮನವಿ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ಕದಲಲಿಲ್ಲ.

ಒಂದು ಕ್ಷಣ ಅವರ ಜಾಗದಲ್ಲಿ ನಿಮ್ಮನ್ನು ಇಟ್ಟುಕೊಳ್ಳಿ. ಬಾಲ್ಯವಿವಾಹದ ಸುದ್ದಿ ಕೇಳಿ ನೀವು ಸೂಪರ್‌ವೈಸರ್ ಮೇಡಂಗೆ ಫೋನು ಮಾಡುತ್ತೀರಿ. ಅದು ನಿಮ್ಮ ನೌಕರಿ, ಸರ್ಕಾರ ಒಪ್ಪಿಸಿದ ಕೆಲಸ. ಆ ಕೆಲಸ ಮಾಡಿದ್ದಕ್ಕೇ ನಿಮ್ಮ ಮೈಮೇಲೆ ಕೈ ಬಿದ್ದರೆ ಕೆಲಸ ಕೊಟ್ಟವರ ಹೊಣೆ ಏನು? ಜೈಪುರ, ದೆಹಲಿಯ ಮಹಿಳಾ ಸಂಘಟನೆಗಳು ಕೇಳಿದ್ದು ಇದನ್ನೇ. 'ವಿಶಾಖಾ' ಮತ್ತಿತರ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. ಕೆಲಸದ ಜಾಗದಲ್ಲಿ ಹೆಣ್ಣಿಗೆ ಆಗುವ ಲೈಂಗಿಕ ಕಿರುಕುಳದ ಬಗ್ಗೆ ದೇಶದಲ್ಲಿ ಆಗ ಒಂದು ಕಾನೂನೂ ಇರಲಿಲ್ಲ. ಇಲ್ಲದ ಕಾನೂನನ್ನು ನ್ಯಾಯಾಲಯ ಎಲ್ಲಿಂದ ತರಬೇಕು?

ನೀವು ಕೇಳುತ್ತಿರುವ ಆ ದೂರದ ಕಾಗದ ಇಲ್ಲಿ ಕೆಲಸಕ್ಕೆ ಬಂತು. ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯ ನಿವಾರಣೆಯ ಒಡಂಬಡಿಕೆಯನ್ನು ವಿಶ್ವಸಂಸ್ಥೆ 1979ರ ಡಿಸೆಂಬರಿನಲ್ಲಿ ಅಂಗೀಕರಿಸಿತ್ತು. 'ಸೀಡಾ' ಎಂದು ತರಬೇತಿಗಳಲ್ಲಿ ನೀವು ಕೇಳಿರುವುದು ಇದನ್ನೇ. ಭಾರತ 1980ರಲ್ಲಿ ಸಹಿ ಹಾಕಿ, 1993ರಲ್ಲಿ ಅದನ್ನು ಸ್ಥಿರೀಕರಿಸಿತ್ತು. ಮುಖ್ಯ ನ್ಯಾಯಮೂರ್ತಿ ಜೆ.ಎಸ್. ವರ್ಮಾ, ಸುಜಾತಾ ಮನೋಹರ್, ಬಿ.ಎನ್. ಕಿರ್ಪಾಲ್ ಅವರ ಪೀಠ 1997ರ ಆಗಸ್ಟ್ 13ರಂದು ಹೇಳಿದ್ದರ ತಿರುಳು ಇಷ್ಟು: ದೇಶದಲ್ಲಿ ಕಾನೂನಿನ ತೆರಪಿದೆ, ಸರ್ಕಾರ ಲೋಕದ ಮುಂದೆ ಮಾತು ಕೊಟ್ಟಿದೆ, ಆ ಮಾತು ನಮ್ಮ ಸಂವಿಧಾನಕ್ಕೆ ವಿರುದ್ಧವೇನಲ್ಲ. ಆದ್ದರಿಂದ ಸಂವಿಧಾನದ ಸಮಾನತೆಯ, ಘನತೆಯ ಹಕ್ಕುಗಳನ್ನು ಆ ಮಾತಿನ ಬೆಳಕಿನಲ್ಲಿ ಓದಬೇಕು. ಇದಕ್ಕೆ ಬೆಂಬಲವಾಗಿ ಪೀಠ ಆಸ್ಟ್ರೇಲಿಯಾದ ಹೈಕೋರ್ಟಿನ ತೀರ್ಪೊಂದನ್ನೂ ನೆನೆಯಿತು. ಲೈಂಗಿಕ ಕಿರುಕುಳ ಅಂದರೆ ಏನು ಎಂಬ ವಿವರಣೆಯನ್ನು ಸೀಡಾ ಸಮಿತಿ 1992ರಲ್ಲಿ ಹೊರಡಿಸಿದ 19ನೇ ಶಿಫಾರಸಿನಿಂದ ಹೆಚ್ಚುಕಡಿಮೆ ಹಾಗೆಯೇ ಎತ್ತಿಕೊಂಡಿತು. ವಿಶಾಖಾ ಮಾರ್ಗಸೂಚಿಗಳು ಹುಟ್ಟಿದ್ದು ಹೀಗೆ. ಹದಿನಾರು ವರ್ಷ ಅವೇ ಕಾನೂನಾಗಿದ್ದವು. 2013ರಲ್ಲಿ ಸಂಸತ್ತು ಕಾಯ್ದೆ ಮಾಡಿತು, ಅದರ ಪೀಠಿಕೆಯಲ್ಲೇ ಸೀಡಾದ ಹೆಸರಿದೆ. ನಿಮ್ಮ ಕಚೇರಿಯ ಗೋಡೆಯ ಮೇಲೆ ಆಂತರಿಕ ದೂರು ಸಮಿತಿಯ ಹೆಸರುಗಳಿದ್ದರೆ, ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಅಂತ ಒಂದಿದ್ದರೆ, ಅದರ ಹಿಂದೆ ಭಟೇರಿಯ ಹೊಲವಿದೆ, ವಿಶ್ವಸಂಸ್ಥೆಯ ಆ ಶಿಫಾರಸೂ ಇದೆ. ಮುಚ್ಚಿಟ್ಟು ಹೇಳಬಾರದ ಮಾತು ಇನ್ನೊಂದಿದೆ. ಈ ದೇಶದ ಕೋಟ್ಯಂತರ ದುಡಿಯುವ ಹೆಂಗಸರಿಗೆ ಕಾನೂನು ತಂದುಕೊಟ್ಟ ಭಂವರಿ ದೇವಿಗೆ ಸ್ವಂತ ಮೊಕದ್ದಮೆಯಲ್ಲಿ ನ್ಯಾಯ ಸಿಗಲಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ, ನವೆಂಬರ್ 25 ಯಾಕೆ ಎಂಬುದು. ಡೊಮಿನಿಕನ್ ರಿಪಬ್ಲಿಕ್ ಎಂಬ ಕೆರಿಬಿಯನ್ ದೇಶವನ್ನು ಟ್ರುಹಿಯೋ ಎಂಬ ಸರ್ವಾಧಿಕಾರಿ ಮೂರು ದಶಕ ಆಳಿದ. ಅವನ ವಿರುದ್ಧ ನಿಂತವರಲ್ಲಿ ಮಿರಾಬಾಲ್ ಮನೆತನದ ಅಕ್ಕತಂಗಿಯರಿದ್ದರು: ಪಾತ್ರಿಯಾ, ಮಿನೆರ್ವಾ, ಮರಿಯಾ ತೆರೇಸಾ. 1960ರ ನವೆಂಬರ್ 25ರಂದು ಜೈಲಿನಲ್ಲಿದ್ದ ಗಂಡಂದಿರನ್ನು ನೋಡಿಕೊಂಡು ಬರುತ್ತಿದ್ದಾಗ ಮೂವರನ್ನೂ ದಾರಿಯಲ್ಲಿ ತಡೆದು ಬಡಿದು ಕೊಂದರು. ಅಪಘಾತ ಎಂದು ತೋರಿಸಲು ಹೆಣಗಳನ್ನು ಜೀಪಿನಲ್ಲಿ ಹಾಕಿ ಕಮರಿಗೆ ತಳ್ಳಿದರು. 1981ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್ ದೇಶಗಳ ಸ್ತ್ರೀವಾದಿಗಳು ಮೊದಲ ಬಾರಿ ಒಟ್ಟಿಗೆ ಸೇರಿದಾಗ ಆ ದಿನವನ್ನು ಹೆಣ್ಣಿನ ಮೇಲಿನ ಹಿಂಸೆಯ ವಿರುದ್ಧದ ದಿನವೆಂದು ಘೋಷಿಸಿದರು. 1991ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಮಹಿಳಾ ನಾಯಕತ್ವ ಕೇಂದ್ರದಲ್ಲಿ ಹಲವು ದೇಶಗಳ ಹೆಂಗಸರು ಸೇರಿ ನವೆಂಬರ್ 25ರಿಂದ ಮಾನವ ಹಕ್ಕುಗಳ ದಿನವಾದ ಡಿಸೆಂಬರ್ 10ರವರೆಗೆ 16 ದಿನಗಳ ಅಭಿಯಾನ ಆರಂಭಿಸಿದರು. ವಿಶ್ವಸಂಸ್ಥೆ ಈ ದಿನವನ್ನು ಒಪ್ಪಿಕೊಂಡಿದ್ದು 1999ರಲ್ಲಿ, ಬೊಗೋಟಾ ಆಗಿ ಹದಿನೆಂಟು ವರ್ಷಗಳ ಮೇಲೆ. ಅಂದರೆ ಈ ದಿನ ಮೇಲಿನಿಂದ ಸುತ್ತೋಲೆಯಾಗಿ ಇಳಿದು ಬಂದದ್ದಲ್ಲ, ಕೆಳಗಿನಿಂದ ಹತ್ತಿ ಹೋದದ್ದು.

ದಿನವಷ್ಟೇ ಅಲ್ಲ, ವಿಷಯವೂ ಹಾಗೆಯೇ ಹತ್ತಿಹೋಯಿತು. 1979ರ ಒಡಂಬಡಿಕೆಯನ್ನು ಹುಡುಕಿ ಓದಿ. ಶಿಕ್ಷಣ, ಉದ್ಯೋಗ, ಮತದಾನ, ಮದುವೆ, ಆಸ್ತಿ, ಹಳ್ಳಿಯ ಹೆಣ್ಣುಮಕ್ಕಳ ಸ್ಥಿತಿ, ಎಲ್ಲ ಇದೆ. ಗಂಡ ಹೊಡೆಯುವ ಮಾತು ಎಲ್ಲೂ ಇಲ್ಲ. ಹೊಡೆತ ಮನೆಯೊಳಗಿನ ಸಂಗತಿ, ಸರ್ಕಾರಕ್ಕೆ ಅದರಲ್ಲಿ ಏನು ಕೆಲಸ ಎಂದು ಕಾನೂನು ಬಲ್ಲವರೇ ನಂಬಿದ್ದ ಕಾಲ ಅದು. ಮಾನವ ಹಕ್ಕು ಎಂದರೆ ಪೊಲೀಸು, ಸೈನ್ಯ, ಜೈಲು ಮಾಡುವ ಅನ್ಯಾಯದ ವಿರುದ್ಧದ ಹಕ್ಕು ಮಾತ್ರ. ಆ ನಂಬಿಕೆಯನ್ನು ಮುರಿಯಲು ಹೆಂಗಸರು ಹತ್ತು ವರ್ಷಕ್ಕೂ ಮೇಲೆ ದುಡಿದರು. 19ನೇ ಶಿಫಾರಸು ಬಂದದ್ದು ಆ ಒತ್ತಡಕ್ಕೆ. 1993ರ ಜೂನ್‌ನಲ್ಲಿ ವಿಯೆನ್ನಾದಲ್ಲಿ ವಿಶ್ವ ಮಾನವ ಹಕ್ಕುಗಳ ಸಮ್ಮೇಳನ ನಡೆದಾಗ 120ಕ್ಕೂ ಹೆಚ್ಚು ದೇಶಗಳಿಂದ ಸುಮಾರು ಐದು ಲಕ್ಷ ಸಹಿಗಳನ್ನು ತಂದು ಮುಂದಿಟ್ಟರು. ಆಗ ಇಂಟರ್ನೆಟ್ ಜನರ ಬಳಕೆಗೆ ಬಂದಿರಲಿಲ್ಲ. ಕಾಗದದ ಹಾಳೆಗಳು ಕೈಯಿಂದ ಕೈಗೆ ಹೋಗಿ, ಸಹಿಯೋ ಹೆಬ್ಬೆಟ್ಟೋ ಹೊತ್ತು ಬಂದವು. ಸಮ್ಮೇಳನದ ಪಕ್ಕದಲ್ಲೇ ಮಹಿಳೆಯರು ತಮ್ಮದೇ ನ್ಯಾಯಮಂಡಳಿ ಕೂರಿಸಿ, ಮನೆಯಲ್ಲಿ, ಯುದ್ಧದಲ್ಲಿ, ಕೆಲಸದಲ್ಲಿ ತಮಗಾದದ್ದನ್ನು ದಿನವಿಡೀ ಸಾಕ್ಷಿ ಹೇಳಿದರು. ಅದೇ ಡಿಸೆಂಬರಿನಲ್ಲಿ ಮಹಿಳೆಯರ ಮೇಲಿನ ಹಿಂಸೆ ನಿವಾರಣೆಯ ಘೋಷಣೆಯನ್ನು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅಂಗೀಕರಿಸಿತು. ಮರುವರ್ಷ ಈ ವಿಷಯಕ್ಕೆಂದೇ ವಿಶೇಷ ವರದಿಗಾರರ ಹುದ್ದೆ ಹುಟ್ಟಿತು. ಅದಕ್ಕೆ ಮೊದಲು ಬಂದವರು ನಮ್ಮ ನೆರೆಯ ಶ್ರೀಲಂಕಾದ ವಕೀಲೆ ರಾಧಿಕಾ ಕುಮಾರಸ್ವಾಮಿ.

ಅವರು 1996ರಲ್ಲಿ ಕೌಟುಂಬಿಕ ಹಿಂಸೆಯ ಕಾನೂನು ಹೇಗಿರಬೇಕು ಎಂಬುದಕ್ಕೊಂದು ಮಾದರಿ ಚೌಕಟ್ಟು ಬರೆದರು. ಹಿಂಸೆಯ ವ್ಯಾಖ್ಯೆ ಅಗಲವಾಗಿರಲಿ, ಹೆಂಡತಿಯಷ್ಟೇ ಅಲ್ಲದೆ ಮನೆಯ ಇತರ ಹೆಂಗಸರೂ ಅದರೊಳಗೆ ಬರಲಿ, ಹೊಡೆಯುವವನನ್ನು ದೂರವಿಡುವ ರಕ್ಷಣಾ ಆದೇಶ ಬೇಗ ಸಿಗಲಿ ಎಂಬುದು ಅದರ ಸಾರ. ನಮ್ಮ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಹೋಲಿಕೆ ಕಣ್ಣಿಗೆ ಹೊಡೆಯುತ್ತದೆ. ಕಾಯ್ದೆಯ ಉದ್ದೇಶ ಹೇಳುವ ಟಿಪ್ಪಣಿಯಲ್ಲೇ ವಿಯೆನ್ನಾ ಸಮ್ಮೇಳನದ, ಬೀಜಿಂಗ್‌ನ ವಿಶ್ವ ಮಹಿಳಾ ಸಮ್ಮೇಳನದ, ಸೀಡಾ ಸಮಿತಿಯ ಶಿಫಾರಸಿನ ಉಲ್ಲೇಖವಿದೆ. ಆದರೆ ಕಾಯ್ದೆ ತಾನಾಗಿ ಬಂದದ್ದಲ್ಲ. ಇಂದಿರಾ ಜೈಸಿಂಗ್ ಮತ್ತು ಅವರ ಜೊತೆಯ ವಕೀಲರು ವರ್ಷಗಟ್ಟಲೆ ಕರಡು ಬರೆದರು, ಊರೂರಲ್ಲಿ ಚರ್ಚೆ ನಡೆಸಿದರು, ಸರ್ಕಾರ ತಂದ ಸಪ್ಪೆ ಮಸೂದೆಯನ್ನು ವಿರೋಧಿಸಿದರು.

ನನ್ನ ಉತ್ತರದ ತಿರುಳು ಇದೇ. ಅಂತರರಾಷ್ಟ್ರೀಯ ಒಪ್ಪಂದ ಎಂದರೆ ಹೊರಗಿನಿಂದ ಬಂದು ಬಾಗಿಲು ತಟ್ಟುವ ಪೊಲೀಸ್ ಅಲ್ಲ. ಜಗಲಿಯ ಮೂಲೆಯಲ್ಲಿ ಇಟ್ಟ ಹಾರೆಯ ಹಾಗೆ ಅದು. ಊರಿನವರೇ ಯಾರಾದರೂ ಎತ್ತಿಕೊಂಡು ಕಲ್ಲಿನ ಅಡಿಗೆ ತೂರಿಸದ ಹೊರತು ಅದು ಏನನ್ನೂ ಅಲುಗಿಸುವುದಿಲ್ಲ.

ಬ್ರೆಜಿಲ್‌ನ ಮರಿಯಾ ದ ಪೆನ್ಯಾ ಎತ್ತಿಕೊಂಡ ಬಗೆ ನೋಡಿ. ಫೋರ್ತಲೇಜಾ ನಗರದ ಈ ಫಾರ್ಮಸಿ ಪದವೀಧರೆ 1983ರ ಒಂದು ರಾತ್ರಿ ಮಲಗಿದ್ದಾಗ ಗಂಡ ಬೆನ್ನಿಗೆ ಗುಂಡು ಹೊಡೆದ. ಕಳ್ಳರು ನುಗ್ಗಿದ್ದರು ಎಂದ. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರೆ, ಸ್ನಾನ ಮಾಡುವಾಗ ವಿದ್ಯುತ್ ಹಾಯಿಸಿ ಕೊಲ್ಲಲು ನೋಡಿದ. ಮೂವರು ಹೆಣ್ಣುಮಕ್ಕಳ ತಾಯಿ ಆಕೆ. ಮೊಕದ್ದಮೆ ನಡೆಯಿತು: 1991ರಲ್ಲಿ ಶಿಕ್ಷೆಯಾಯಿತು, ಮೇಲ್ಮನವಿಯಲ್ಲಿ ಹೊರಬಂದ. 1996ರಲ್ಲಿ ಮತ್ತೆ ಶಿಕ್ಷೆ, ಮತ್ತೆ ಹೊರಬಂದ. ಆಕೆ ತನಗಾದದ್ದನ್ನು ಪುಸ್ತಕವಾಗಿ ಬರೆದರು. ಆ ಪುಸ್ತಕ ಹಿಡಿದು, ಹಕ್ಕುಗಳಿಗಾಗಿ ದುಡಿಯುವ ಎರಡು ಸಂಘಟನೆಗಳ ಜೊತೆ ಸೇರಿ, 1998ರಲ್ಲಿ ಅಮೆರಿಕ ಖಂಡದ ದೇಶಗಳ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟರು. ಅದು ಸಾಧ್ಯವಾದದ್ದು 1994ರಲ್ಲಿ ಬ್ರೆಜಿಲ್‌ನದೇ ಬೆಲೆಂ ನಗರದಲ್ಲಿ ಆದ ಒಪ್ಪಂದದಿಂದ. ಹೆಣ್ಣಿನ ಮೇಲಿನ ಹಿಂಸೆಯ ಬಗ್ಗೆಯೇ ದೇಶಗಳು ಮಾಡಿಕೊಂಡ, ಕಾನೂನಿನ ಬಲವಿರುವ ಮೊದಲ ಒಪ್ಪಂದ ಅದು, ಬ್ರೆಜಿಲ್ ಅದಕ್ಕೆ ಸೇರಿತ್ತು. ಆಯೋಗ ಕೇಳಿದ ಪ್ರಶ್ನೆಗಳಿಗೆ ಸರ್ಕಾರ ಉತ್ತರವನ್ನೇ ಕೊಡಲಿಲ್ಲ. 2001ರಲ್ಲಿ ಆಯೋಗ ಹೇಳಿತು: ಗುಂಡು ಹೊಡೆದವನು ಗಂಡ, ಆದರೆ ಹದಿನೇಳು ವರ್ಷ ಕಣ್ಣು ಮುಚ್ಚಿ ಕೂತದ್ದು ದೇಶ. ದೇಶವೂ ತಪ್ಪಿತಸ್ಥ. ಮರುವರ್ಷ, ಪ್ರಕರಣದ ಕಾಲಮಿತಿ ಮುಗಿಯಲು ತಿಂಗಳುಗಳಷ್ಟೇ ಉಳಿದಿದ್ದಾಗ, ಅವನನ್ನು ಜೈಲಿಗೆ ಹಾಕಿದರು.

2006ರ ಆಗಸ್ಟ್ 7ರಂದು ಬಂದ ಹೊಸ ಕಾನೂನನ್ನು ಇಡೀ ಬ್ರೆಜಿಲ್ ಆಕೆಯ ಹೆಸರಿನಲ್ಲೇ ಕರೆಯುತ್ತದೆ. ಅದಕ್ಕೆ ಮೊದಲು ಹೆಂಡತಿಯನ್ನು ಹೊಡೆದ ಪ್ರಕರಣಗಳು ಸಣ್ಣಪುಟ್ಟ ವ್ಯಾಜ್ಯಗಳ ನ್ಯಾಯಾಲಯಕ್ಕೆ ಹೋಗುತ್ತಿದ್ದವು. ಹೊಡೆದವನು ಯಾವುದೋ ದಾನಸಂಸ್ಥೆಗೆ ದಿನಸಿ ಬುಟ್ಟಿಯೊಂದನ್ನು ಕೊಟ್ಟು ಮನೆಗೆ ಹೋಗಬಹುದಿತ್ತು. ಹೊಸ ಕಾನೂನು ದಿನಸಿ ಬುಟ್ಟಿಯ ಶಿಕ್ಷೆಯನ್ನು ಹೆಸರು ಹಿಡಿದೇ ನಿಷೇಧಿಸಿತು, ಪ್ರತ್ಯೇಕ ನ್ಯಾಯಾಲಯಗಳನ್ನು ತಂದಿತು. ಗಂಡನಿಂದ ಸಾವಿರ ರೂಪಾಯಿ ದಂಡ ಕಟ್ಟಿಸಿ, ಕೈ ಮುಗಿಸಿ, ಹೆಂಡತಿಯನ್ನು ಅದೇ ಮನೆಗೆ ಕಳಿಸುವ ಪಂಚಾಯ್ತಿಗಳನ್ನು ನೀವೂ ನೋಡಿರುತ್ತೀರಿ, ಅದಕ್ಕೇ ಇದನ್ನು ಇಷ್ಟು ವಿವರವಾಗಿ ಹೇಳಿದೆ.

ಮರಿಯಾ ಮಾಡಿದ ಹಾಗೆ ದೇಶದ ಹೊರಗಿನ ಆಯೋಗಕ್ಕೆ ದೂರು ಕೊಡುವ ದಾರಿ ನಮ್ಮಲ್ಲಿ ಇದೆಯೇ? ಇಲ್ಲ. ಸೀಡಾಕ್ಕೆ 1999ರಲ್ಲಿ ಒಂದು ಐಚ್ಛಿಕ ಪೂರಕ ಒಪ್ಪಂದ ಸೇರಿತು. ತನ್ನ ದೇಶದಲ್ಲಿ ಎಲ್ಲ ಬಾಗಿಲೂ ಮುಚ್ಚಿದ ಹೆಂಗಸು ನೇರವಾಗಿ ಸಮಿತಿಗೆ ದೂರು ಕೊಡಬಹುದು ಎನ್ನುತ್ತದೆ ಅದು. ಬಾಂಗ್ಲಾದೇಶ, ಶ್ರೀಲಂಕಾ, ನೇಪಾಳ ಒಪ್ಪಿಕೊಂಡಿವೆ. ಭಾರತ ಒಪ್ಪಿಲ್ಲ. ಮೂಲ ಒಡಂಬಡಿಕೆಗೂ ಭಾರತ ಷರಾ ಬರೆದೇ ಸೇರಿತು: ಯಾವುದೇ ಸಮುದಾಯದ ವೈಯಕ್ತಿಕ ವಿಷಯಗಳಲ್ಲಿ ಆ ಸಮುದಾಯವೇ ಮುಂದೆ ಬಂದು ಒಪ್ಪದೆ ಕೈ ಹಾಕುವುದಿಲ್ಲ ಎಂದು. ಸಮುದಾಯ ಎಂದಾಗ ಯಾರ ದನಿ ಕೇಳಿಸುತ್ತದೆ ಎಂಬುದು ಯಾವ ಊರಿನ ಹೆಂಗಸಿಗಾದರೂ ಗೊತ್ತು. ಈ ಷರಾವನ್ನು ಹಿಂತೆಗೆದುಕೊಂಡು, ಪೂರಕ ಒಪ್ಪಂದಕ್ಕೆ ಸಹಿ ಹಾಕಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಗಂಡನೇ ಬಲಾತ್ಕಾರ ಮಾಡಿದರೆ ಅದನ್ನೂ ಅಪರಾಧವೆಂದು ಬರೆಯಿರಿ ಎಂದು ಸಮಿತಿ 2014ರಲ್ಲಿ ಭಾರತಕ್ಕೆ ಹೇಳಿತು. ಅದಕ್ಕೂ ಮೊದಲು, ವಿಶಾಖಾ ತೀರ್ಪು ಬರೆದ ಅದೇ ವರ್ಮಾ ಅವರ ಸಮಿತಿ 2013ರ ಜನವರಿಯಲ್ಲಿ ಬೇರೆ ದೇಶಗಳ ಕಾನೂನುಗಳನ್ನು ಎದುರಿಗಿಟ್ಟು ಇದನ್ನೇ ಹೇಳಿತ್ತು. 2022ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಪತಿಯೊಬ್ಬನ ಮೇಲಿನ ಅತ್ಯಾಚಾರದ ಆರೋಪವನ್ನು ಕೈಬಿಡಲು ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲೂ ಗಂಡನ ಬಲಾತ್ಕಾರವನ್ನು ಅತ್ಯಾಚಾರವೆಂದು ಎಣಿಸದ ಹಳೆಯ ವಿನಾಯಿತಿ ಹಾಗೆಯೇ ಇದೆ.

ಸಹಿ ಹಾಕಿದವರು ವಾಪಸು ಹೋಗುವುದೂ ಉಂಟು. ಯುರೋಪಿನ ದೇಶಗಳು ಹೆಣ್ಣಿನ ಮೇಲಿನ ಹಿಂಸೆಯ ವಿರುದ್ಧ 2011ರಲ್ಲಿ ಇಸ್ತಾಂಬುಲ್‌ನಲ್ಲಿ ಮಾಡಿಕೊಂಡ ಒಪ್ಪಂದವನ್ನು ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ್ದು ಟರ್ಕಿ. 2021ರಲ್ಲಿ ಅಧ್ಯಕ್ಷರ ಒಂದು ಆಜ್ಞೆಯಿಂದ ಹೊರಬಂದದ್ದೂ ಟರ್ಕಿಯೇ. ಅಮೆರಿಕ 1980ರಲ್ಲಿ ಸೀಡಾಕ್ಕೆ ಸಹಿ ಹಾಕಿ ಇವತ್ತಿಗೂ ಅದನ್ನು ಸ್ಥಿರೀಕರಿಸಿಲ್ಲ.

ಒಪ್ಪಂದಗಳಷ್ಟು ಹೆಸರು ಮಾಡದ ಇನ್ನೊಂದು ಸಹಕಾರವಿದೆ. ನನ್ನ ಲೆಕ್ಕದಲ್ಲಿ ಅದು ಒಪ್ಪಂದಗಳಿಗಿಂತ ಕಡಿಮೆಯದಲ್ಲ. ಎಣಿಸುವ ವಿದ್ಯೆ ಅದು. 'ನಿಮ್ಮ ಮೇಲೆ ದೌರ್ಜನ್ಯ ಆಗಿದೆಯೇ?' ಎಂದು ಕೇಳಿದರೆ ಹೆಚ್ಚಿನ ಹೆಂಗಸರು ಇಲ್ಲ ಎನ್ನುತ್ತಾರೆ. ಗಂಡ ಹೊಡೆಯುವುದನ್ನು ದೌರ್ಜನ್ಯ ಎಂದು ಅವರು ಕರೆದಿರುವುದಿಲ್ಲ. ಹಾಗಾಗಿ ಹಲವು ದೇಶಗಳ ಸಂಶೋಧಕರು ಸೇರಿ ಪ್ರಶ್ನೆಯನ್ನು ಒಡೆದರು. ಕೆನ್ನೆಗೆ ಹೊಡೆದನೇ, ತಳ್ಳಿದನೇ, ತೋಳು ತಿರುವಿದನೇ, ಕೂದಲು ಹಿಡಿದು ಎಳೆದನೇ, ಒದ್ದನೇ, ಕತ್ತು ಹಿಸುಕಿದನೇ, ಸುಡಲು ಬಂದನೇ? ಒಂದೊಂದಾಗಿ ಕೇಳಬೇಕು. ಕೇಳುವುದಕ್ಕೂ ಕಟ್ಟುನಿಟ್ಟು ಕಟ್ಟಿದರು. ಒಂದು ಮನೆಯಲ್ಲಿ ಒಬ್ಬಳನ್ನೇ ಕೇಳಬೇಕು, ಇಲ್ಲವಾದರೆ ಅತ್ತೆಗೋ ನಾದಿನಿಗೋ ಪ್ರಶ್ನೆ ಗೊತ್ತಾಗಿ ಅವಳು ಸಿಕ್ಕಿಬೀಳುತ್ತಾಳೆ. ಪಕ್ಕದಲ್ಲಿ ಯಾರೂ ಇರಬಾರದು. ಯಾರಾದರೂ ಬಂದರೆ ಈ ಪ್ರಶ್ನೆಗಳನ್ನು ಅಲ್ಲಿಗೇ ನಿಲ್ಲಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಈ ನೀತಿಗಳನ್ನು ಬರೆದಿಟ್ಟಿತು. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೇಳುವುದು ಇದೇ ಬಗೆಯಲ್ಲಿ.

ಆ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಸಂಖ್ಯೆ ಹೊರಬಂದಾಗ ನನಗೆ ನಿದ್ದೆ ಹತ್ತಲಿಲ್ಲ. 18ರಿಂದ 49 ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ಗಂಡನ ಹಿಂಸೆ ಅನುಭವಿಸಿದವರು ಶೇ 44.4. ದೇಶದ ರಾಜ್ಯಗಳಲ್ಲೇ ಹೆಚ್ಚು. ದೇಶದ ಸರಾಸರಿ ಶೇ 29.3. ಹಿಂದಿನ ಸುತ್ತಿನಲ್ಲಿ ನಮ್ಮ ರಾಜ್ಯದ್ದು ಶೇ 20.6 ಇತ್ತು. ನಾಲ್ಕೈದು ವರ್ಷದಲ್ಲಿ ಹೊಡೆಯುವ ಗಂಡಸರು ಎರಡು ಪಟ್ಟಾದರು ಎಂದು ಇದರಿಂದ ಹೇಳಲಾಗದು. ಹೇಳುವ ಧೈರ್ಯ ಹೆಚ್ಚಿರಬಹುದು, ಕೇಳುವವರ ತರಬೇತಿ ಸುಧಾರಿಸಿರಬಹುದು. ಆದರೆ ಹತ್ತರಲ್ಲಿ ನಾಲ್ಕು ಮಂದಿಗೂ ಮೇಲೆ ಹೌದು ಎಂದರಲ್ಲ, ಅವರಲ್ಲಿ ಯಾರೂ ಸುಮ್ಮನೆ ಹಾಗೆ ಹೇಳಿರಲಾರರು. ನಿಮ್ಮ ಅಂಗನವಾಡಿಗೆ ಪೌಷ್ಟಿಕ ಆಹಾರ ಒಯ್ಯಲು ಬರುವ ತಾಯಂದಿರ ಮುಖಗಳನ್ನು ಈ ಲೆಕ್ಕ ಹಿಡಿದು ನೋಡಿ. ಜಗತ್ತಿನಾದ್ಯಂತ ಈ ಬಗೆಯ ಸಮೀಕ್ಷೆಗಳಿಗೆ ಪ್ರಶ್ನಾವಳಿ, ತರಬೇತಿ, ಹಣ ಒದಗಿಸುತ್ತಿದ್ದ ಕಾರ್ಯಕ್ರಮವೊಂದನ್ನು ಅಮೆರಿಕ ಸರ್ಕಾರ 2025ರ ಆರಂಭದಲ್ಲಿ ನಿಲ್ಲಿಸಿತು. ನಮ್ಮ ಸಮೀಕ್ಷೆಗೆ ಸ್ವಂತ ಬಲವಿದೆ, ಬಡ ದೇಶಗಳು ಹಲವಕ್ಕೆ ಇಲ್ಲ. ಅಲ್ಲಿ ಹೌದು ಎನ್ನಲು ಸಿದ್ಧರಿದ್ದ ಹೆಂಗಸರನ್ನು ಕೇಳುವವರೇ ಇಲ್ಲವಾಗುವುದು ನನ್ನ ಮಟ್ಟಿಗೆ ದೊಡ್ಡ ಅನ್ಯಾಯ.

ಸರ್ಕಾರಗಳನ್ನು ಬಿಟ್ಟು ಹೆಂಗಸರೇ ಗಡಿ ದಾಟಿ ಕೈ ಹಿಡಿದದ್ದರಲ್ಲಿ ಬೆಂಗಳೂರಿಗೆ ದೊಡ್ಡ ಜಾಗವಿದೆ. ವಿಮೋಚನಾ ಸಂಘಟನೆ 1979ರಿಂದ ಇಲ್ಲಿ ವರದಕ್ಷಿಣೆ ಸಾವುಗಳ ವಿರುದ್ಧ ದುಡಿದಿದೆ. ಸ್ಟವ್ ಸಿಡಿದು ಸತ್ತರು ಎಂದು ಕಡತ ಮುಚ್ಚಿದ ಎಳೆಯ ಸೊಸೆಯರ ಸಾವುಗಳನ್ನು ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಿಂದ ಹಿಡಿದು ಬೆನ್ನುಹತ್ತಿತು. ಅದರ ಸ್ಥಾಪಕರಲ್ಲೊಬ್ಬರಾದ ಕೊರಿನ್ ಕುಮಾರ್ ಮತ್ತು ಏಷ್ಯಾದ ಗೆಳತಿಯರು 1990ರ ದಶಕದ ಆರಂಭದಲ್ಲಿ 'ಮಹಿಳಾ ನ್ಯಾಯಾಲಯ' ಎಂಬುದನ್ನು ರೂಪಿಸಿದರು. ಮೊದಲನೆಯದು ಲಾಹೋರಿನಲ್ಲಿ ಕೂತಿತು. ಭಾರತ, ಪಾಕಿಸ್ತಾನದ ಹೆಂಗಸರು ಒಂದೇ ವೇದಿಕೆಯಲ್ಲಿ ಒಬ್ಬರ ಕಥೆ ಇನ್ನೊಬ್ಬರು ಕೇಳಿದರು. ಆಮೇಲೆ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಹಲವು ಊರುಗಳಲ್ಲಿ ಅದು ನಡೆಯಿತು, 2009ರಲ್ಲಿ ವರದಕ್ಷಿಣೆಯ ವಿಷಯ ಹಿಡಿದು ಬೆಂಗಳೂರಿನಲ್ಲೇ ಕೂತಿತು. ಅಲ್ಲಿ ಶಿಕ್ಷೆ ಕೊಡುವ ಅಧಿಕಾರವಿಲ್ಲ. ಜನರೆದುರು ಹೇಳಿಕೊಳ್ಳುವ, ಹೇಳಿದ್ದನ್ನು ನಂಬುವ ಜಾಗ ಅದು. ಠಾಣೆಯಲ್ಲಿ ಯಾರೂ ಕಿವಿಗೊಡದ ಹೆಂಗಸಿಗೆ ಅದೂ ನ್ಯಾಯದ ಒಂದು ಭಾಗವೇ.

ಕಾರ್ಖಾನೆಗಳಲ್ಲೂ ಹೊಸ ದಾರಿ ಹುಟ್ಟಿದೆ. ತಮಿಳುನಾಡಿನ ದಿಂಡಿಗಲ್‌ನ ಗಾರ್ಮೆಂಟ್ಸ್ ಒಂದರ ಯುವತಿಯನ್ನು 2021ರ ಆರಂಭದಲ್ಲಿ ಅವಳ ಸೂಪರ್‌ವೈಸರನೇ ಕೊಂದ. ದಲಿತ ಹೆಣ್ಣುಮಕ್ಕಳು ಮುನ್ನಡೆಸುವ ಅಲ್ಲಿನ ಕಾರ್ಮಿಕ ಸಂಘ ವಿದೇಶದ ಕಾರ್ಮಿಕ ಹಕ್ಕು ಸಂಘಟನೆಗಳ ಜೊತೆ ಸೇರಿ, ಬಟ್ಟೆ ಕೊಳ್ಳುವ ಎಚ್ ಅಂಡ್ ಎಂ ಕಂಪನಿಯಿಂದಲೂ, ಕಾರ್ಖಾನೆಯ ಮಾಲೀಕರಿಂದಲೂ 2022ರಲ್ಲಿ ಲಿಖಿತ ಒಪ್ಪಂದ ಪಡೆಯಿತು. ಬೇರೆ ಬ್ರ್ಯಾಂಡುಗಳೂ ಸೇರಿದವು. ಹೊಲಿಗೆ ಸಾಲುಗಳಲ್ಲಿ ಕೆಲಸಗಾರ್ತಿಯರೇ ಕಾವಲಿಗೆ ನಿಂತರು. ಬೆಂಗಳೂರು, ಮಂಡ್ಯ, ರಾಮನಗರದ ಗಾರ್ಮೆಂಟ್ಸ್‌ಗಳಲ್ಲಿ ಲಕ್ಷಾಂತರ ಹೆಣ್ಣುಮಕ್ಕಳು ಹೊಲಿಯುತ್ತಾರೆ. ಇಂಥ ಒಪ್ಪಂದ ಇಲ್ಲಿಗೂ ಬೇಕು.

ಎಲ್ಲ ಅಂತರರಾಷ್ಟ್ರೀಯ ಒಪ್ಪಂದವೂ ಹೆಣ್ಣಿನ ಪರವಾಗಿಯೇ ಇರುತ್ತದೆ ಎಂದು ಮಾತ್ರ ತಿಳಿಯಬೇಡಿ. 1980ರ ಹೇಗ್ ಒಪ್ಪಂದದ ಪ್ರಕಾರ ಒಂದು ದೇಶದಿಂದ ತಂದೆ ಅಥವಾ ತಾಯಿ ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಕರೆತಂದ ಮಗುವನ್ನು ಬೇಗನೆ ಅಲ್ಲಿಗೇ ಕಳಿಸಬೇಕು. ಕೇಳಲು ಸರಿಯಾಗಿದೆ. ಆದರೆ ವಿದೇಶದಲ್ಲಿ ಗಂಡನ ವೀಸಾದ ಮೇಲೆ ಬದುಕುತ್ತ, ಹೊಡೆತ ತಾಳಲಾರದೆ ಮಗುವನ್ನು ಎತ್ತಿಕೊಂಡು ದಾವಣಗೆರೆಗೋ ಮಂಗಳೂರಿಗೋ ತವರಿಗೆ ಓಡಿಬಂದ ಹೆಂಗಸು ಆ ಕಾನೂನಿನ ಕಣ್ಣಿಗೆ ಅಪಹರಿಸಿದವಳಾಗಿ ಕಾಣುತ್ತಾಳೆ. ಭಾರತ ಅದಕ್ಕೆ ಸೇರಿಲ್ಲ. ಹಿಂಸೆಯಿಂದ ಓಡಿಬಂದ ತಾಯಂದಿರಿಗೆ ಗಟ್ಟಿಯಾದ ರಕ್ಷಣೆ ಅದರಲ್ಲಿ ಬರುವವರೆಗೆ ಸೇರದಿರುವುದೇ ಲೇಸು.

ಕೊನೆಗೆ ನಿಮ್ಮ ಊರಿನ ಆ ಹೆಂಗಸಿನ ವಿಷಯ. 2005ರ ಕಾಯ್ದೆಯ ನಾಲ್ಕನೇ ಕಲಮನ್ನು ನೆನಪಿಡಿ. ಹಿಂಸೆ ನಡೆದಿದೆ, ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಅವಳೇ ಬರಬೇಕೆಂದಿಲ್ಲ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲುವುದಿಲ್ಲ. ಭಂವರಿ ದೇವಿಗೆ ಇಲ್ಲದಿದ್ದ ಈ ಗುರಾಣಿ ನಿಮಗಿದೆ. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ನಿಮ್ಮ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರೇ ಸಂರಕ್ಷಣಾಧಿಕಾರಿ, ಅಂದರೆ ನೀವು ಪ್ರತಿ ತಿಂಗಳೂ ಕಾಣುವ ಅಧಿಕಾರಿ. ಆದರೆ ತಿಳಿಸುವ ಮುಂಚೆ ಅವಳು ಒಬ್ಬಳೇ ಇರುವಾಗ ಅವಳ ಜೊತೆ ಮಾತಾಡಿ, ಅವಳಿಗೆ ಏನು ಬೇಕು ಎಂದು ಕೇಳಿ. ಅವಳು ಇವತ್ತು ಬೇಡ ಎಂದರೆ 181 ಸಹಾಯವಾಣಿಯ ಸಂಖ್ಯೆಯನ್ನು ಬಾಯಲ್ಲೇ ಹೇಳಿಕೊಡಿ, ಚೀಟಿಯಲ್ಲಿ ಬರೆದುಕೊಟ್ಟರೆ ಗಂಡನ ಕೈಗೆ ಸಿಗುತ್ತದೆ. ಅವಳು ಸರಿ ಎಂದರೆ ಅಧಿಕಾರಿ ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಅವಳ ಅರ್ಜಿ ಸೇರಿದ ಮೇಲೆ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ನಡೆಯಬೇಕು, ಅಲ್ಲಿಂದ ಅರವತ್ತು ದಿನದಲ್ಲಿ ಮುಗಿಸಲು ನ್ಯಾಯಾಲಯ ಪ್ರಯತ್ನಿಸಬೇಕು. ಮನೆ ಯಾರ ಹೆಸರಿನಲ್ಲೇ ಇರಲಿ, ಅವಳು ಬಾಳುವೆ ಮಾಡಿದ ಮನೆಯಿಂದ ಅವಳನ್ನು ಕಾನೂನಿನ ಕ್ರಮವಿಲ್ಲದೆ ಹೊರಗೆ ಹಾಕುವಂತಿಲ್ಲ. ವಕೀಲರಿಗೆ ಹಣವಿಲ್ಲ ಎಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ, ಆದಾಯ ಎಷ್ಟು ಎಂದು ಕೇಳುವ ಹಾಗಿಲ್ಲ.